ಬಿ.ದುರ್ಗದಲ್ಲಿ ಕೇಬಲ್ ಫ್ಯಾಕ್ಟರಿ: ತಮ್ಮನ ಲೆಕ್ಕ, ನನ್ನ ಲೆಕ್ಕ

ಇವತ್ತಿನ ಎಪಿಸೋಡ್ ನಮ್ಮ ಮನೆ ಊಟದ ಪಡಸಾಲೆಯಿಂದಲೇ ಶುರುವಾಗುತ್ತೆ. ನಮ್ಮ ಚಿಕ್ಕಪ್ಪನ ಮಗ ಶಿವಮೊಗ್ಗ ಕಡೆ ಒಂದು ಫೌಂಡ್ರಿಯಲ್ಲಿ ಎಲೆಕ್ಟ್ರಿಷಿಯನ್. ಹಬ್ಬಕ್ಕೆ ಊರಿಗೆ, ಅಂದ್ರೆ ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗಕ್ಕೆ ಬಂದವನು ಊಟದ ಮಧ್ಯೆ ಹೇಳಿದ: "ಅಣ್ಣ, ಒಂದೆಕ್ರೆ ಅಡಿಕೆ ತೋಟ ಮಾರಿ ಇಲ್ಲೇ ಒಂದು ಕೇಬಲ್ ಯೂನಿಟ್ ಹಾಕಣ ಅಂತಿದೀನಿ. ನೀನು ಬಿಕಾಂ ಓದಿದೀಯ, ಲೆಕ್ಕ ನೋಡಿ ಹೇಳು." ಚಿಕ್ಕಪ್ಪ ಮಾತಾಡದೆ ಕೈ ತೊಳೆಯೋಕೆ ಎದ್ದು ಹೋದ್ರು.

ಮನೆ ವೈರಿಂಗ್ ಕೇಬಲ್ ಅಲ್ಲ ಅದು. ಇಂಡಕ್ಷನ್ ಹೀಟಿಂಗ್ ಮೆಷಿನ್‌ಗಳಿಗೆ ಹಾಕೋ, ಬಿಸಿ ತಡೆಯೋ ಕೇಬಲ್. ನಿಮ್ಮ ಅಡುಗೆಮನೆ ಇಂಡಕ್ಷನ್ ಒಲೆ ಗೊತ್ತಲ್ಲ, ಕೆಳಗೆ ಸುರುಳಿ, ಮೇಲೆ ಪಾತ್ರೆ, ಬೆಂಕಿ ಇಲ್ಲದೇ ಪಾತ್ರೆನೇ ಕಾಯುತ್ತೆ. ಅದನ್ನೇ ದೊಡ್ಡದು ಮಾಡಿದ್ರೆ ಕಬ್ಬಿಣ ಕರಗಿಸೋ ಫರ್ನೇಸ್. ಬೇರಿಂಗ್ ಬಿಸಿ ಮಾಡಿ ಶಾಫ್ಟ್‌ಗೆ ಕೂರಿಸೋಕೆ, ವೆಲ್ಡಿಂಗ್‌ಗೆ ಮುಂಚೆ ಪೈಪ್ ಕಾಯಿಸೋಕೆ ಕೂಡ ಇದೇ ತತ್ವ. ಕರಗಿಸೋ ಫರ್ನೇಸ್‌ಗೆ ರಬ್ಬರ್ ಹೋಸ್ ಒಳಗೆ ತಾಮ್ರದ ಹಗ್ಗ ಇಟ್ಟು, ಅದರ ಸುತ್ತ ನೀರು ಹರಿಸೋ ಕೇಬಲ್ ಬೇಕು. ತಮ್ಮನ ಕಣ್ಣು ಇರೋದು ಅದರ ಮೇಲಲ್ಲ, ನೀರಿಲ್ಲದ ಒಣ ಕೇಬಲ್ ಮೇಲೆ.

ಬೋರ್‌ವೆಲ್ ಮೋಟರ್ ಸುಟ್ಟು ರಿವೈಂಡಿಂಗ್ ಅಂಗಡಿಗೆ ಹೋದಾಗ ಬರೋ ಕಮಟು ವಾಸನೆ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದು ತಾಮ್ರದ ವಾಸನೆ ಅಲ್ಲ. ತಾಮ್ರ ಕರಗೋಕೆ 1085 ಡಿಗ್ರಿ ಬೇಕು. ಮೊದಲು ಸಾಯೋದು ಮೇಲಿನ ಹೊದಿಕೆ, ಇನ್ಸುಲೇಷನ್. ಮಾಮೂಲಿ ಪಿವಿಸಿ 70 ಡಿಗ್ರಿಗೆ, ಎಕ್ಸ್‌ಎಲ್‌ಪಿಇ 90ಕ್ಕೆ, ಸಿಲಿಕಾನ್ ರಬ್ಬರ್ 180ಕ್ಕೆ, ಟೆಫ್ಲಾನ್ 260ಕ್ಕೆ. ಅದಕ್ಕೂ ಮೇಲೆ ಬೇಕು ಅಂದ್ರೆ ಅಭ್ರಕದ ಟೇಪ್, ಗಾಜಿನ ನೂಲಿನ ಹೆಣಿಗೆ.

ಇಲ್ಲಿ ಇನ್ನೊಂದು ತಾಪತ್ರಯ ಇದೆ. ಬಿಸಿ ಹೊರಗಿಂದ ಮಾತ್ರ ಬರಲ್ಲ, ಕೇಬಲ್ ಒಳಗಿಂದಲೂ ಹುಟ್ಟುತ್ತೆ. ಫ್ರೀಕ್ವೆನ್ಸಿ ಜಾಸ್ತಿ ಆದಷ್ಟೂ ಕರೆಂಟು ತಂತಿಯ ಅಂಚಿಗೇ ಸರಿಯುತ್ತೆ. ಮನೆಯ 50 ಹರ್ಟ್ಸ್‌ನಲ್ಲಿ ಅದು ತಾಮ್ರದೊಳಗೆ ಸುಮಾರು 9 ಮಿಲಿಮೀಟರ್ ಆಳದವರೆಗೆ ಹರಿದ್ರೆ, 10,000 ಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್ ಕೂಡ ಇಳಿಯಲ್ಲ. ಆಗ ದಪ್ಪ ತಂತಿಯ ನಡುಭಾಗ ದಂಡ. ಅದಕ್ಕೇ ಕೂದಲಿನಂಥ ಎಳೆಗಳನ್ನ, ಒಂದೊಂದಕ್ಕೂ ಬೇರೆ ಎನಾಮೆಲ್ ಹಚ್ಚಿ, ಪ್ರತಿ ಎಳೆಯೂ ಸರದಿ ಮೇಲೆ ಹೊರಗೆ ಒಳಗೆ ಬರೋ ಹಾಗೆ ಹುರಿಮಾಡ್ತಾರೆ. ಇದಕ್ಕೆ ಲಿಟ್ಜ್ ವೈರ್ ಅಂತಾರೆ. ಇಂಥ ಕೇಬಲ್‌ನ ಒಂದೇ ಎಳೆಯನ್ನ ಕಬ್ಬಿಣದ ಪ್ಲೇಟಿನ ತೂತಿನಲ್ಲಿ ತೂರಿಸಿದ್ರೆ ಆ ಪ್ಲೇಟೇ ಕಾಯೋಕೆ ಶುರುವಾಗುತ್ತೆ! ಹೋಗೋದು ಬರೋದು ಎರಡನ್ನೂ ಜೋಡಿಯಾಗೇ ಒಯ್ಯಬೇಕು.

ತಯಾರಿಕೆ ಕೇಳಿದಾಗ ನನಗೆ ಇಷ್ಟವಾಗಿದ್ದು ಒಂದು ವಿಷಯ. ಪಿವಿಸಿಯನ್ನ ಬಿಸಿ ಮಾಡಿ ಕರಗಿಸಿ ತಂತಿ ಮೇಲೆ ಹಾಕ್ತಾರೆ. ಸಿಲಿಕಾನ್ ಉಲ್ಟಾ. ಚಪಾತಿ ಹಿಟ್ಟಿನಂತೆ ನಾದಿದ ರಬ್ಬರನ್ನ ತಣ್ಣಗೇ ಒತ್ತಿ, ಆಮೇಲೆ ಬಿಸಿಗಾಳಿಯ ಉದ್ದನೆ ಸುರಂಗದಲ್ಲಿ ಬೇಯಿಸ್ತಾರೆ. ಹೊರಬರುವಾಗಲೇ ಹೈ ವೋಲ್ಟೇಜ್ ಸ್ಪಾರ್ಕ್ ಟೆಸ್ಟ್, ಸೂಜಿಯಷ್ಟು ತೂತಿದ್ರೂ ಗೊತ್ತಾಗುತ್ತೆ. ಸಿಲಿಕಾನ್ ಬೇಗ ಹರಿಯುತ್ತೆ, ಹಾಗಾಗಿ ಮೇಲೊಂದು ಗಾಜಿನ ನೂಲಿನ ಅಂಗಿ.

ಈ ಹುಡುಗನಿಗೆ ಹುಚ್ಚು ಹಿಡಿದಿದ್ದು ಯಾಕೆ ಅಂತ ಆಮೇಲೆ ಗೊತ್ತಾಯ್ತು. ಯಾರೋ ಸಪ್ಲೈಯರ್ 'ಸಿಲಿಕಾನ್' ಅಂತ ಕೊಟ್ಟ ಕೆಂಪು ಕೇಬಲ್ ನಾಲ್ಕೇ ವಾರಕ್ಕೆ ಕರಗಿ, ಇವನ ಕೈಯಿಂದ ಎರಡಡಿ ದೂರದಲ್ಲಿ ಶಾರ್ಟ್ ಆಗಿತ್ತಂತೆ. ಬಣ್ಣ ಹಾಕಿದ ಪಿವಿಸಿ. ಮನೇಲಿ ಹೇಳಿರಲೇ ಇಲ್ಲ. ಒಂದು ತುಂಡು ಕತ್ತರಿಸಿ ಬಯಲಲ್ಲಿ ಸುಟ್ಟು ನೋಡಿ: ನಿಜವಾದ ಸಿಲಿಕಾನ್ ಬಿಳಿ ಬೂದಿ ಬಿಡುತ್ತೆ, ಪಿವಿಸಿ ಕಪ್ಪು ಹೊಗೆ, ಮೂಗು ಉರಿಸೋ ಘಾಟು. ಹೊಗೆ ಕುಡೀಬೇಡಿ, ವಿಷ.

ಸರಿ, ಈಗ ನನ್ನ ಲೆಕ್ಕ. 95 ಚದರ ಮಿಲಿಮೀಟರ್ ಕೇಬಲ್ ನೂರು ಮೀಟರ್‌ಗೆ ತಾಮ್ರವೇ ಸುಮಾರು 85 ಕಿಲೋ. ಕಿಲೋಗೆ 900 ರೂಪಾಯಿ ಅಂತ ಇಟ್ಕೊಂಡ್ರೂ 76,500. ನಮ್ಮ ಇಂಗಳದಾಳಿನಲ್ಲೇ ಒಂದು ಕಾಲಕ್ಕೆ ತಾಮ್ರದ ಗಣಿ ಇತ್ತು, ಆದ್ರೆ ರೇಟು ಇವತ್ತಿಗೂ ಕುದುರೋದು ಲಂಡನ್ ಮಾರುಕಟ್ಟೆಯಲ್ಲಿ. ತಿಂಗಳಿಗೆ ಎರಡು ಟನ್ ಮಾಡಿದ್ರೆ ತಾಮ್ರಕ್ಕೇ 18 ಲಕ್ಷ. ಗಿರಾಕಿ ಮೂರು ತಿಂಗಳಿಗೆ ದುಡ್ಡು ಕೊಟ್ರೆ 54 ಲಕ್ಷ ಬರೀ ಉದ್ರಿಯಲ್ಲಿ ಕೂತಿರುತ್ತೆ. ಬಿಲ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಅದರಲ್ಲಿ ನಮ್ಮ ಪಾಲು ಮುಂದಿನ ತಿಂಗಳು 20ನೇ ತಾರೀಖಿಗೆ ಕಟ್ಟಲೇಬೇಕು, ಗಿರಾಕಿ ಕೊಟ್ಟಿರಲಿ ಬಿಡಲಿ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾನೂನೇ ಹೇಳುತ್ತೆ. ತಡ ಮಾಡಿದ್ರೆ ಕೊಳ್ಳೋನಿಗೆ ಆ ವರ್ಷ ತೆರಿಗೆ ಲೆಕ್ಕದಲ್ಲಿ ಆ ಖರ್ಚು ತೋರಿಸೋಕೆ ಆಗಲ್ಲ ಅನ್ನೋ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ. ಆದ್ರೆ ಹೊಸಬ ಗಿರಾಕಿ ಮೇಲೆ ಕಾನೂನು ತೋರಿಸಿದ್ರೆ ಎರಡನೇ ಆರ್ಡರ್ ಬರುತ್ತಾ? ನನಗಂತೂ ನಂಬಿಕೆ ಇಲ್ಲ.

ಮೆಷಿನ್‌ಗೆ ಸಾಲ ಸಿಗುತ್ತೆ. ಒಂದೆಕರೆ ತೋಟ ಹೋಗೋದು ಈ ಉದ್ರಿಗೆ. ಅದನ್ನೇ ಅವನಿಗೆ ಹೇಳಿದೆ. ಮುಖ ಸಣ್ಣದಾಯ್ತು. ಎಕ್ಸ್‌ಟ್ರೂಡರ್ ಆಸೆ ಸದ್ಯಕ್ಕೆ ಬಿಡು ಅಂದೆ. ಟೆಸ್ಟ್ ಆದ ಕೇಬಲ್ ರೋಲ್ ತಂದು, ಫೌಂಡ್ರಿಗಳಿಗೆ ಬೇಕಾದ ಅಳತೆಗೆ ಕತ್ತರಿಸಿ, ಲಗ್ ಒತ್ತಿ, ಗಾಜಿನ ಸ್ಲೀವ್ ಹಾಕಿ ರೆಡಿ ಸೆಟ್ ಮಾರು. ಅದಕ್ಕೆ ತೋಟ ಬೇಡ, ಮನೆ ಮುಂದಿನ ಶೆಡ್ ಸಾಕು. ಪ್ರತಿ ರೋಲ್‌ನಿಂದ ಒಂದು ತುಂಡು ತೆಗೆದಿಡು.

"ಮತ್ತೆ ಆ ತುಂಡು ನಂಬೋದು ಹೆಂಗಣ್ಣ?" ಅಂದ. ಬೆಂಗಳೂರಿನ ಸಿಪಿಆರ್‌ಐನಲ್ಲಿ ಕೇಬಲ್ ಟೆಸ್ಟ್ ಮಾಡ್ತಾರೆ, ಫೀಸ್ ಕೇಳಿ ಬರೋಣ ಅಂದೆ. ಪಡಸಾಲೆಯ ಆಚೆ ಕಡೆಯಿಂದ ಚಿಕ್ಕಪ್ಪನ ದನಿ ಬಂತು: "ಶೆಡ್ಡಲ್ಲಿ ಅಡಿಕೆ ಚೀಲ ಐತೆ. ಈ ಕೊಯ್ಲು ಮುಗೀಲಿ, ಖಾಲಿ ಮಾಡ್ಕೊಡ್ತೀನಿ."