ಅಪ್ಪನ ಶುಗರ್, ಅಕ್ಕನ ರಿಪೋರ್ಟ್

ಗಾಂಧಿನಗರದ ನಮ್ಮ ಮನೆ ಟೆರೇಸ್ ಮೇಲೆ ಕೂತು ರೆಕಾರ್ಡ್ ಮಾಡ್ತಿದೀನಿ. ಮೆಜೆಸ್ಟಿಕ್ ಬಸ್ಸಿನ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಅಕ್ಕನಿಗೀಗ ಆರು ತಿಂಗಳು. ಹೋದ ವಾರ ಶುಗರ್ ಇದೆ ಅಂತ ರಿಪೋರ್ಟ್ ಬಂತು. ಅಪ್ಪನಿಗೂ ನಲವತ್ತಕ್ಕೇ ಬಂದಿತ್ತು. "ರಕ್ತದಲ್ಲೇ ಇದೆ ಬಿಡು" ಅಂದ್ರು ಅಜ್ಜಿ. ದೊಡ್ಡಮ್ಮ ಮಾತ್ರ, "ಸ್ವೀಟ್ ತಿನ್ಬೇಡ ಅಂತ ಬಡ್ಕೊಂಡೆ" ಅಂತ ಅಕ್ಕನ ಮೇಲೇ ಹಾಕಿದ್ರು. ಯಾರು ಸರಿ? ನಾನು ಬಿ.ಕಾಂ., ಬಯಾಲಜಿ ಹತ್ತನೇ ಕ್ಲಾಸಿಗೇ ಬಿಟ್ಟವನು. ಆದ್ರೂ ಹುಡುಕ್ತಾ ಹೋದಾಗ ಸಿಕ್ಕಿದ್ದು ಮೈಸೂರಿನ ಕಥೆ.

ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟಿತ್ತು. ಹಳೇ ಲೆಡ್ಜರ್ ಅಂದ್ರೆ ನಮ್ಮಂಥ ಕಾಮರ್ಸ್ ಜನಕ್ಕೆ ಜೀವ! 1990ರ ದಶಕದಲ್ಲಿ ಬ್ರಿಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಇಲ್ಲಿನ ಸಂಶೋಧಕರು ಸೇರಿ, ಅಷ್ಟೊತ್ತಿಗೆ ನಡುವಯಸ್ಸು ಮುಟ್ಟಿದ್ದ ಆ 'ಮಕ್ಕಳನ್ನ' ಹುಡುಕಿ ಪರೀಕ್ಷೆ ಮಾಡಿದ್ರು. 45 ದಾಟಿದವರಲ್ಲಿ, ಎರಡೂವರೆ ಕೆ.ಜಿ. ಒಳಗೆ ಹುಟ್ಟಿದವರ ಪೈಕಿ ಶೇ 11 ಜನಕ್ಕೆ ಹೃದಯದ ಕಾಯಿಲೆ; 3.1 ಕೆ.ಜಿ. ಮೇಲಿದ್ದವರಲ್ಲಿ ಶೇ 3. ಡಯಾಬಿಟಿಸ್ ಲೆಕ್ಕ ಬೇರೆ. ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಜಾಸ್ತಿ. ಅಂದ್ರೆ ಆ ಒಂಬತ್ತು ತಿಂಗಳೂ ಖಾತೆಗೆ ಸೇರುತ್ತೆ.

ಹೇಗೆ ಸೇರಬಹುದು? ಡಿಎನ್‌ಎ ಅಕ್ಷರ ಬದಲಾಗಲ್ಲ. ಅದರ ಮೇಲೆ ಮೀಥೈಲ್ ಅನ್ನೋ ಪುಟ್ಟ ಗುರುತು ಅಂಟಿಕೊಂಡ್ರೆ ಆ ಜೀನ್ ಸಾಮಾನ್ಯವಾಗಿ ಸುಮ್ಮನಾಗುತ್ತೆ. ಎಪಿಜೆನೆಟಿಕ್ಸ್ ಅಂದ್ರೆ ಇಂಥ ಗುರುತುಗಳ ಲೆಕ್ಕ. ನೆದರ್ಲೆಂಡ್ಸ್‌ನ 1944-45ರ ಹಸಿವಿನ ಚಳಿಗಾಲದಲ್ಲಿ ತಾಯಿ ಗರ್ಭ ಸೇರಿದವರಲ್ಲಿ, ಅರವತ್ತು ವರ್ಷ ಆದ್ಮೇಲೂ ಐಜಿಎಫ್-2 ಜೀನ್ ಮೇಲೆ ಈ ಗುರುತು ಕಮ್ಮಿ ಇತ್ತು.

ಮೀಥೈಲ್ ಸಪ್ಲೈಗೆ ಫೋಲೇಟ್, ಬಿ12 ಬೇಕು. ಅದೇ ಮೈಸೂರು ಆಸ್ಪತ್ರೆಯಲ್ಲಿ 1997ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಶೇ 43 ಗರ್ಭಿಣಿಯರಿಗೆ ಬಿ12 ಕಮ್ಮಿ. ಅವರಲ್ಲಿ ಗರ್ಭಿಣಿ ಶುಗರ್ ಕೂಡ ಹೆಚ್ಚು. ಎರಡಕ್ಕೂ ಮೀಥೈಲೇ ಕೊಂಡಿ ಅಂತ ಇದರಿಂದ ಸಾಬೀತಾಗಲ್ಲ, ಹಾಗಂತ ಫಾರ್ವರ್ಡ್ ಮಾಡ್ಬೇಡಿ.

ಇದನ್ನೆಲ್ಲ ಹೇಳಿದ್ರೆ ದೊಡ್ಡಮ್ಮ ಮತ್ತೆ ಅಕ್ಕನ ಮೇಲೇ ಹಾಕ್ತಾರೆ, ಗೊತ್ತು. ಆದ್ರೆ ಅಕ್ಕ ಹೊಟ್ಟೆಯಲ್ಲಿದ್ದಾಗ ಅಮ್ಮ ಎಲ್ಲರೂ ಉಂಡ್ಮೇಲೆ ಉಳಿದಿದ್ದು ಉಣ್ತಿದ್ರು. ಅದನ್ನ ಯಾರ ಖಾತೆಗೆ ಬರೆಯೋದು? ಆಗ ಅಡುಗೆಮನೆ ಬೀಗ ಇದ್ದಿದ್ದು ದೊಡ್ಡಮ್ಮನ ಸೊಂಟದಲ್ಲೇ.

ಈಗ ಸಂಜೆ ಅಕ್ಕ, ಅಪ್ಪ, ನಾನು ವಾಕ್ ಹೋಗ್ತೀವಿ. ನನ್ನ ಬಿ12 ರಿಪೋರ್ಟ್ ನಾಳೆ ಬರುತ್ತೆ. ಮುಂದಿನ ವಾರ ಸಿಗೋಣ.