ಬಾಡಿಗೆ ಮನೆಗೆ ಕಾಡುಪ್ರಾಣಿ ಹೊಕ್ಕಾಗ ಮಾಲೀಕರ ಹೊಣೆ



ಮುಂಬಯಿ ಮತ್ತು ಠಾಣೆ ನಗರಗಳ ನಡುವೆ 100 ಚದರ ಕಿಲೋಮೀಟರಿಗೂ ಮಿಕ್ಕ ವಿಸ್ತೀರ್ಣದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಅದರ ಅಂಚಿನ ವಸತಿಗಳಲ್ಲಿ ಮಳೆಗಾಲದಲ್ಲಿ ಬಿಲ ತೊರೆದ ಹಾವು ಮನೆ ಹೊಕ್ಕುವುದು, ಪುನುಗು ಬೆಕ್ಕು ಮಾಡಿನ ಸಂದಿಯಲ್ಲಿ ಮರಿ ಹಾಕುವುದು ಅಪರೂಪವಲ್ಲ. ಇಂತಹ ಸಂದರ್ಭದಲ್ಲಿ ಹೊಣೆ ಯಾರದೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಮೊದಲ ಕರ್ತವ್ಯ ಪ್ರಾಣರಕ್ಷಣೆ. ಮಕ್ಕಳನ್ನೂ ವೃದ್ಧರನ್ನೂ ಹೊರಗೆ ಕಳುಹಿಸಿ, ಆ ಕೋಣೆಯ ಬಾಗಿಲು ಮುಚ್ಚಿ, ಅರಣ್ಯ ಇಲಾಖೆಗೆ ತಿಳಿಸಬೇಕು. ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಅನುಸೂಚಿಗಳಲ್ಲಿರುವ ಪ್ರಾಣಿಯನ್ನು ಅನುಮತಿಯಿಲ್ಲದೆ ಹಿಡಿಯುವುದೂ ಕೊಲ್ಲುವುದೂ ಅಪರಾಧ. ಸದುದ್ದೇಶದ ಆತ್ಮರಕ್ಷಣೆಗೆ ಮಾತ್ರ ವಿನಾಯಿತಿಯುಂಟು. ಈ ನಿಯಮ ಮಾಲೀಕರಿಗೂ ಬಾಡಿಗೆದಾರರಿಗೂ ಸಮಾನವಾಗಿ ಅನ್ವಯಿಸುತ್ತದೆ.

ಕಾಡುಪ್ರಾಣಿ ಮಾಲೀಕರ ಸ್ವತ್ತಲ್ಲ. ಆದರೆ ಅದು ಒಳನುಸುಳಿದ ಗೋಡೆಯ ಬಿರುಕು, ಮುರಿದ ಹೆಂಚು, ಒಡೆದ ಕೊಳವೆ ಅವರ ಕಟ್ಟಡದವು. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಅಧಿನಿಯಮ, 1999ರ 14ನೇ ಪ್ರಕರಣದಂತೆ, ಬಾಡಿಗೆದಾರರು ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ, ಮನೆಯನ್ನು ವಾಸಯೋಗ್ಯವಾಗಿ ದುರಸ್ತಿಯಲ್ಲಿಡುವುದು ಮಾಲೀಕರ ಕರ್ತವ್ಯ. ನೋಟೀಸು ಕೊಟ್ಟು, 15 ದಿನಗಳಿಗೆ ಕಡಿಮೆಯಿಲ್ಲದ ಸಮಂಜಸ ಅವಧಿ ಕಳೆದರೂ ಮಾಲೀಕರು ಉಪೇಕ್ಷಿಸಿದಲ್ಲಿ, ಬಾಡಿಗೆದಾರರೇ ದುರಸ್ತಿ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಈ ಮೊತ್ತ ಆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಭಾಗವನ್ನು ಮೀರಕೂಡದು. ಬಾಯಿಮಾತಿನ ದೂರು ಸಾಲದು. ನೋಟೀಸಿನ ಪ್ರತಿ, ಅಂಚೆಯ ರಸೀತಿ, ಬಿರುಕಿನ ಛಾಯಾಚಿತ್ರ, ಕೆಲಸದ ಬಿಲ್ಲು ಇವನ್ನು ಜೋಪಾನವಾಗಿಡಬೇಕು.

ಮುಂಬಯಿಯಲ್ಲಿ ಹಲವರು ಲೀವ್ ಅಂಡ್ ಲೈಸೆನ್ಸ್ ಕರಾರಿನಡಿ ವಾಸಿಸುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅವರು ಬಾಡಿಗೆದಾರರಲ್ಲ. ಮೇಲಿನ ಹಕ್ಕನ್ನು ಅವರು ನೆಚ್ಚುವಂತಿಲ್ಲ. ಆದ್ದರಿಂದ ದುರಸ್ತಿಯ ಹೊಣೆ ಯಾರದೆಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಇದೇ ಅಧಿನಿಯಮದ 55ನೇ ಪ್ರಕರಣದಂತೆ ಎರಡೂ ಬಗೆಯ ಕರಾರುಗಳು ಲಿಖಿತವಾಗಿದ್ದು ನೋಂದಣಿಯಾಗಬೇಕು. ನೋಂದಣಿಯ ಹೊಣೆ ಮಾಲೀಕರದು.

ಇತರ ರಾಜ್ಯಗಳಲ್ಲಿ ಆಯಾ ರಾಜ್ಯದ ಬಾಡಿಗೆ ಕಾನೂನನ್ನು ನೋಡಬೇಕು. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 108ನೇ ಪ್ರಕರಣದಂತೆ, ವ್ಯತಿರಿಕ್ತ ಕರಾರಿಲ್ಲದಿದ್ದರೆ, ಬಾಡಿಗೆದಾರರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ಆದರೆ ತಮಗೆ ತಿಳಿದಿರುವ ಮುಖ್ಯ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕು. 2021ರಲ್ಲಿ ಕೇಂದ್ರ ಸಚಿವ ಸಂಪುಟ ಅಂಗೀಕರಿಸಿದ ಮಾದರಿ ಬಾಡಿಗೆ ಕಾಯಿದೆಯೂ ಕಟ್ಟಡದ ರಚನೆಗೆ ಸಂಬಂಧಿಸಿದ ದುರಸ್ತಿಯನ್ನು ಮಾಲೀಕರಿಗೇ ವಹಿಸುತ್ತದೆ. ರಾಜ್ಯಗಳು ಅಳವಡಿಸಿಕೊಂಡಲ್ಲಿ ಮಾತ್ರ ಅದು ಜಾರಿಗೆ ಬರುತ್ತದೆ.

ಬಾಡಿಗೆದಾರರಿಗೂ ಕರ್ತವ್ಯಗಳಿವೆ. ತೆರೆದ ಕಸಕ್ಕೆ ಇಲಿಗಳು ಬರುತ್ತವೆ, ಇಲಿಗಳ ಹಿಂದೆ ಹಾವು ಬರುತ್ತದೆ. ಬಿರುಕು ಕಂಡೊಡನೆ ಮಾಲೀಕರಿಗೆ ತಿಳಿಸಬೇಕು. ಸಂದಿ ಮುಚ್ಚಿಸುವ ಮುನ್ನ ತಾಯಿ, ಮರಿಗಳೆಲ್ಲವೂ ಹೊರಟುಹೋಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಅವು ಒಳಗೇ ಸಿಕ್ಕಿಕೊಂಡು ಸಾಯುತ್ತವೆ.

ಯಾರಿಗಾದರೂ ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ರೋಗಿಯನ್ನು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹೊಣೆ ಯಾರದೆಂಬ ವಿಚಾರಣೆ ಆಮೇಲಿನದು.