ಮನೆಯ ತಾಮ್ರದ ಪಾತ್ರೆಗಳು



ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲೊಲೆಯ ಹಂಡೆ, ನೀರಿನ ಕೊಡ, ಪೂಜೆಯ ತಂಬಿಗೆ, ಇವು ತಾಮ್ರದವಾಗಿರುವುದು ಬಹುಕಾಲದ ರೂಢಿ. ತವರಿನವರು ಹೆಸರು ಕೆತ್ತಿಸಿ ಮಗಳಿಗೆ ಕೊಟ್ಟ ಕೊಡವು ಮೊಮ್ಮಗಳ ಕಾಲಕ್ಕೂ ಉಪಯೋಗಕ್ಕೆ ಬರುವುದು. 2019ನೆಯ ಇಸವಿಯ ಆಗಸ್ಟಿನಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕದಲ್ಲಿಯೂ ದಂಡೆಯ ಹಳ್ಳಿಗಳಲ್ಲಿಯೂ ಮನೆಗಳಿಗೆ ನೀರು ನುಗ್ಗಿತು. ಇಂಥ ಕೆಸರಿನಿಂದೆತ್ತಿದ ಪಾತ್ರೆಯು ಕಪ್ಪಾಗಿ ಹಸಿರುಗಟ್ಟಿತೆಂದು ಅದನ್ನು ಹಳೆಯ ಲೋಹದ ದರಕ್ಕೆ ತೂಗಿ ಕೊಟ್ಟುಬಿಡುವುದು ಸರಿಯಲ್ಲ. ತಾಮ್ರವು ಕಬ್ಬಿಣದಂತೆ ತುಕ್ಕು ಹಿಡಿದು ಪುಡಿಯಾಗುವ ಲೋಹವಲ್ಲ. ಮೇಲಣ ಪರೆಯನ್ನು ತೆಗೆದರೆ ಒಳಗಿನ ಲೋಹವು ಬಹುಮಟ್ಟಿಗೆ ಸ್ವಸ್ಥವಾಗಿಯೇ ಇರುವುದು.

ಗಾಳಿಯ ಆಮ್ಲಜನಕವು ತಾಗಿ ತಾಮ್ರವು ಮೊದಲು ಕಂದುತ್ತದೆ. ಬಳಿಕ ತೇವವೂ ಇಂಗಾಲಾಮ್ಲ ವಾಯುವೂ ಕೂಡಿ ಹಸಿರು ಕಿಲುಬು ಹುಟ್ಟುತ್ತದೆ. ಇವೆರಡೂ ಹುಳಿಗೆ ಕರಗತಕ್ಕವು. ನಮ್ಮ ಹಿರಿಯರು ಹುಣಸೆಹಣ್ಣನ್ನೂ ಉಪ್ಪನ್ನೂ ಕೂಡಿಸಿ ಬೆಳಗುತ್ತಿದ್ದುದರ ಮರ್ಮವು ಇದೇ. ಹುಳಿಯು ಪರೆಯನ್ನು ಕರಗಿಸುವುದು; ಉಪ್ಪು ಆ ಕೆಲಸವನ್ನು ಚುರುಕುಗೊಳಿಸುವುದು. ಜಿಡ್ಡಿಗೆ ಮಾತ್ರ ಹುಳಿಯು ಸಾಲದು. ಅದಕ್ಕೆ ಜರಡಿ ಹಿಡಿದ ಒಲೆಯ ಬೂದಿಯು ಯೋಗ್ಯವಾದುದು.

ಆದುದರಿಂದ ಕ್ರಮವು ಹೀಗಿರಲಿ. ಕೆಸರು ಮೆತ್ತಿದ ಪಾತ್ರೆಯನ್ನು ಮೊದಲು ತಿಕ್ಕದೆ, ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಇಲ್ಲವಾದರೆ ಮರಳಿನ ಕಣಗಳಿಂದ ಗೀರು ಬೀಳುವುದು. ಬಳಿಕ ಬೂದಿಯಿಂದ ಜಿಡ್ಡನ್ನೂ ಮಸಿಯನ್ನೂ ತೆಗೆದು, ನೆನೆದ ಹುಣಸೆಹಣ್ಣನ್ನು ಉಪ್ಪಿನೊಡನೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ತೆಂಗಿನ ನಾರಿನಿಂದ ಮೆಲ್ಲನೆ ಉಜ್ಜಬೇಕು. ಇಟ್ಟಿಗೆಯ ಪುಡಿಯಿಂದ ದಿನವೂ ತಿಕ್ಕಿದರೆ ಕೆತ್ತಿದ ಹೆಸರೇ ಸವೆದುಹೋದೀತು. ಕಡೆಗೆ ಹುಳಿಯು ಎಳ್ಳಷ್ಟೂ ಉಳಿಯದಂತೆ ತೊಳೆದು, ಒಣಬಟ್ಟೆಯಿಂದ ಒರಸತಕ್ಕದ್ದು. ಬೆಳಗಿದ ಮರುದಿನವೇ ಪಾತ್ರೆ ಕಲೆಗಟ್ಟಿತೆಂದು ದೂರುವವರು ಈ ಕಡೆಯ ಕೆಲಸವನ್ನು ಬಿಟ್ಟಿರುವರು. ಹಂಡೆಯೊಳಗೆ ಗಡಸು ನೀರಿನಿಂದ ಕಟ್ಟಿದ ಬಿಳಿಯ ಸುಣ್ಣದ ಪರೆಯೂ ಹುಳಿಗೆ ಕರಗುವುದು.

ಆದರೆ ಪರೆಯನ್ನು ಕರಗಿಸುವ ಹುಳಿಯೇ ತಾಮ್ರವನ್ನು ಅನ್ನದಲ್ಲಿ ಕೂಡಿಸಲೂ ಬಲ್ಲದು. ಕಲಾಯಿಯಿಲ್ಲದ ಪಾತ್ರೆಯಲ್ಲಿ ಮಜ್ಜಿಗೆ, ಸಾರು, ಉಪ್ಪಿನಕಾಯಿ, ಲಿಂಬೆಯ ಪಾನಕಗಳನ್ನು ಇಡಕೂಡದು. ಇಟ್ಟರೆ ಓಕರಿಕೆ, ವಾಂತಿ, ಹೊಟ್ಟೆನೋವುಗಳು ಉಂಟಾಗಬಹುದು. ಮಕ್ಕಳ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಕುಡಿಯುವ ನೀರಿನ ಮಾತು ಬೇರೆ. ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿಯನ್ನುಂಟುಮಾಡುವ ಕ್ರಿಮಿಗಳು ನಾಶವಾದುವೆಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ಆದರೂ ಹೊಳೆಯ ಪ್ರವಾಹದಿಂದ ಕಲುಷಿತವಾದ ನೀರನ್ನು ಕೊಡದ ಮೇಲೆ ಭಾರಹಾಕದೆ ಕುದಿಸಿಯೇ ಕುಡಿಯುವುದು ಕ್ಷೇಮ.

ಅಡಿಗೆಯ ಪಾತ್ರೆಗೆ ಕಲಾಯಿಯೇ ಕವಚ. ಕಲಾಯಿಗಾರನು ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಉದುರಿಸಿ, ತವರವನ್ನು ತಾಗಿಸಿ, ಅರಳೆಯಿಂದ ಒಳಗೆಲ್ಲ ಸವರುವನು. ತವರವು 232 ಡಿಗ್ರಿ ಸೆಂಟಿಗ್ರೇಡಿನಲ್ಲೇ ಕರಗುವುದರಿಂದ ಕಲಾಯಿಯ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಇಡಬಾರದು. ಒಳಗೆ ಬೂದಿ, ಮರಳುಗಳನ್ನು ಸೋಕಿಸಬಾರದು. ಸೀಸ ಬೆರೆಯದ ಶುದ್ಧ ತವರವನ್ನೇ ಕೇಳಿ ಹಾಕಿಸಬೇಕು, ಸೀಸವು ವಿಷ. ಒಳಗೆ ಕೆಂಪು ತಲೆದೋರಿದೊಡನೆ ಮತ್ತೆ ಕಲಾಯಿ ಮಾಡಿಸುವುದು ಅವಶ್ಯ.

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಬೆಳಗುವ ಪದ್ಧತಿಯು ನಮ್ಮಲ್ಲಿ ಉಂಟಷ್ಟೆ. ಆ ದಿನವೇ ಮನೆಯ ಎಲ್ಲ ತಾಮ್ರದ ಪಾತ್ರೆಗಳನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸುವುದಾದರೆ, ಹಬ್ಬದ ಶೋಭೆಯೊಡನೆ ವರ್ಷದ ಆರೋಗ್ಯವನ್ನೂ ನಾವು ಕಾಯ್ದುಕೊಂಡಂತಾಗುವುದು.